ಇಳಿದ ಊರಿನ ಹೆಸರು ಬರೆಯುವ ಮೀನಂಗಡಿ

ಬೆಂಗಳೂರಿನ ಬಿಟಿಎಂ ಬಡಾವಣೆಯ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ, ಹಾರ್ಡ್‌ವೇರ್ ಅಂಗಡಿಗೂ ಹಾಲಿನ ಬೂತಿಗೂ ನಡುವೆ, ಹತ್ತು ಅಡಿ ಅಗಲದ ಒಂದು ಮೀನಂಗಡಿ ಇದೆ. ಎರಡೂವರೆ ವರ್ಷಗಳಿಂದ ನಮ್ಮ ಮನೆಗೆ ಮೀನು ಬರುತ್ತಿರುವುದು ಅಲ್ಲಿಂದಲೇ. ಈಗಿರುವ ಗಿರಾಕಿಗಳಿಗೇ ಭಾನುವಾರ ಮೀನು ಸಾಲುವುದಿಲ್ಲ, ಹೆಸರು ಬರೆಯಬೇಡಿ ಎಂದು ಯಜಮಾನರು ಕೇಳಿಕೊಂಡಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ಆದರೂ ಅದರ ಬಗ್ಗೆ ಬರೆಯಲೇಬೇಕೆನ್ನಿಸಿದ್ದಕ್ಕೆ ಕಾರಣ ಅಲ್ಲಿನ ಗೋಡೆಗೆ ತೂಗುಹಾಕಿರುವ ಕಪ್ಪು ಹಲಗೆ. ಅದರಲ್ಲಿ ಮೂರು ಸಾಲುಗೆರೆಗಳಿವೆ: ಮೀನಿನ ಹೆಸರು, ಕಿಲೋ ದರ, ಮೂರನೆಯದು ‘ಇಳಿದ ಊರು’, ಅಂದರೆ ಮೀನು ಬೋಟಿನಿಂದ ದಡಕ್ಕಿಳಿದ ಜಾಗ. ಬಂಗುಡೆಯ ಮುಂದೆ ಮಲ್ಪೆ ಎಂದಿರುತ್ತದೆ, ಮಾಂಜಿಯ (ಪಾಂಫ್ರೆಟ್) ಮುಂದೆ ಗುಜರಾತಿನ ವೆರಾವಳ್, ಏಡಿಯ ಮುಂದೆ ರಾಮೇಶ್ವರಂ. ಒಮ್ಮೊಮ್ಮೆ ಬೂತಾಯಿಯ ಮುಂದೆ ಒಮಾನ್ ಎಂದೂ, ಹಿಲ್ಸಾದ ಮುಂದೆ ಮ್ಯಾನ್ಮಾರ್ ಎಂದೂ ಸೀಮೆಸುಣ್ಣದಲ್ಲಿ ಬರೆದಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಮಲ್ಪೆಯ ಪಕ್ಕದಲ್ಲಿ. ಅಮ್ಮನಿಗೆ ಮೀನು ಯಾವ ಬೋಟಿನದ್ದು, ಎಷ್ಟು ದಿನ ಮಂಜುಗಡ್ಡೆಯಲ್ಲಿತ್ತು ಎಂಬುದು ಬುಟ್ಟಿ ಇಳಿಸುವ ಮೊದಲೇ ಗೊತ್ತಾಗುತ್ತಿತ್ತು. ಬೆಂಗಳೂರಿಗೆ ಬಂದ ಮೇಲೆ ಆ ಅರಿವು ಸಂಪೂರ್ಣವಾಗಿ ತಪ್ಪಿಹೋಯಿತು. ಮಲ್ಪೆಯ ಕಡಲಿನಿಂದ ನಾಲ್ಕುನೂರು ಕಿಲೋಮೀಟರಿನಷ್ಟು ದೂರದಲ್ಲಿ, ಥರ್ಮಾಕೋಲ್ ಪೆಟ್ಟಿಗೆಯಿಂದ ಹೊರಬಂದ ಮೀನು ಎಲ್ಲಿಯದ್ದಾದರೂ ಒಂದೇ ರೀತಿ ಕಾಣುತ್ತದೆ. ವರ್ಷವಿಡೀ ಹಲಗೆ ತುಂಬ ಮೀನಿದ್ದರೆ ಕಡಲಲ್ಲಿಯೂ ಹಾಗೆಯೇ ಇರಬೇಕು ಎಂದು ಕೊಳ್ಳುವವರು ಭಾವಿಸುವುದು ಸಹಜ. ಆ ಭಾವನೆ ಎಷ್ಟು ತಪ್ಪು ಎಂಬುದನ್ನು ಈ ಅಂಗಡಿಯ ಮೂರನೇ ಗೆರೆ ತೋರಿಸಿಕೊಡುತ್ತದೆ, ಓದುವ ತಾಳ್ಮೆ ನಮಗಿರಬೇಕು ಅಷ್ಟೆ.

ಬೂತಾಯಿಯಿಂದಲೇ ಆರಂಭಿಸುತ್ತೇನೆ. ನಮ್ಮಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ ಎನ್ನಿಸಿಕೊಳ್ಳುವ ಈ ಎಣ್ಣೆಮೀನು ಬಡವರ ಮನೆಯ ಊಟವಾಗಿತ್ತು. ಮೊದಲ ಸಲ ಈ ಅಂಗಡಿಗೆ ಹೋದಾಗ ಎರಡು ಕಿಲೋ ತೂಗಲು ಹೇಳಿದೆ. ಯಜಮಾನರು ತಕ್ಕಡಿಗೆ ಕೈ ಹಾಕುವ ಮೊದಲು, “ಅಕ್ಕ, ಇದು ನಮ್ಮ ಕಡೆದಲ್ಲ, ಒಮಾನಿಂದು. ಸಾರಿಗಾದರೆ ಅಡ್ಡಿ ಇಲ್ಲ, ಹುರಿಯೋದಾದರೆ ಬೇಡ” ಎಂದರು. ಮಾರುವವನೇ ಬೇಡ ಎನ್ನುವುದನ್ನು ನಾನು ಈ ನಗರದಲ್ಲಿ ಕೇಳಿದ್ದು ಅದೇ ಮೊದಲು. ಅವರ ಮಾತು ನಿಜವಾಗಿತ್ತು. ಜಾತಿ ಒಂದೇ ಆದರೂ ದೂರದಿಂದ ಹೆಪ್ಪುಗಟ್ಟಿಸಿ ತಂದ ಮೀನಿಗೆ, ಮಳೆಗಾಲದ ನಂತರ ನಮ್ಮ ಕರಾವಳಿಯಲ್ಲಿ ಸಿಗುವ ಕೊಬ್ಬಿದ ಬೂತಾಯಿಯ ರುಚಿ ಬರಲಿಲ್ಲ; ಹುಳಿ ಮುಂದಾಗಿ ಮಾಡಿದ ಪುಳಿಮುಂಚಿಯಲ್ಲಿ ಮಾತ್ರ ಚೆನ್ನಾಗಿಯೇ ಹೊಂದಿಕೊಂಡಿತು.

ಒಮಾನಿನ ಬೂತಾಯಿ ಬೆಂಗಳೂರಿನ ಬೀದಿಗೆ ಏಕೆ ಬಂತು? ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡಕ್ಕೆ ಬಂದಿತ್ತು. 2021ರಲ್ಲಿ ಅದೇ ಕೇರಳದಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ಮೊದಲು ಅಚ್ಚಿನ ತಪ್ಪಿರಬೇಕೆಂದೇ ಅನ್ನಿಸುತ್ತದೆ. ಕಡಲ ನೀರಿನ ಬಿಸಿ, ಕೆಳಗಿನ ತಣ್ಣನೆಯ ನೀರು ಮೇಲೇರುವ ಕ್ರಮದಲ್ಲಿನ ಏರುಪೇರು, ಮಳೆಯ ವ್ಯತ್ಯಾಸ, ಮರಿಗಳನ್ನೂ ಬಿಡದೆ ಬಾಚಿದ ಬಲೆ, ಇವೆಲ್ಲ ಸೇರಿ ಆದ ಕುಸಿತ ಅದು. ಇದೇ ಕಾಲದಲ್ಲಿ ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಬೇರೆಯದೇ ಕಥೆ ನಡೆಯುತ್ತಿತ್ತು: 2017ರಲ್ಲಿ ಸುಮಾರು 3.5 ಲಕ್ಷ ಟನ್ ಇದ್ದ ಒಮಾನಿನ ಒಟ್ಟು ಮೀನು ಹಿಡಿತ 2020ರ ಹೊತ್ತಿಗೆ 8 ಲಕ್ಷ ಟನ್ನಿನ ಹತ್ತಿರಕ್ಕೆ ಏರಿತು, ಆ ಏರಿಕೆಯ ದೊಡ್ಡ ಪಾಲು ಬೂತಾಯಿಯದ್ದೇ. ಹೀಗಾಗಿ ನಮ್ಮ ಕೊರತೆಯನ್ನು ಅವರ ಹೆಚ್ಚಳ ಮುಚ್ಚಿತು. ಊಟದ ತಟ್ಟೆಯಲ್ಲಿ ಏನೂ ಬದಲಾಗಲಿಲ್ಲ. 2023ರಲ್ಲಿ ಕೇರಳದ ಬೂತಾಯಿ 1.38 ಲಕ್ಷ ಟನ್ನಿಗೆ ಚೇತರಿಸಿಕೊಂಡಿತು, ಮರುವರ್ಷ ಇನ್ನೂ ಸ್ವಲ್ಪ ಏರಿತು. ಅಂಗಡಿಯ ಹಲಗೆಯಲ್ಲಿಯೂ ಒಮಾನ್ ಎಂಬ ಹೆಸರು ಈಗ ಅಪರೂಪವಾಗಿದೆ. ಆ ಜಾಗದಲ್ಲಿ ಮಂಗಳೂರು, ಮಲ್ಪೆ, ಒಮ್ಮೊಮ್ಮೆ ಕಣ್ಣೂರು ಎಂದು ಬರೆದಿರುತ್ತದೆ.

ದೇಶದ ಒಟ್ಟು ಲೆಕ್ಕವನ್ನು ಮಾತ್ರ ನೋಡಿದವರಿಗೆ ಇಂಥ ಏಳುಬೀಳು ಕಾಣುವುದೇ ಇಲ್ಲ. ಕೊಚ್ಚಿಯ ಅದೇ ಸಂಸ್ಥೆಯ ಅಂದಾಜಿನಂತೆ ಭಾರತದ ಮುಖ್ಯಭೂಮಿಯ ಕರಾವಳಿಯಲ್ಲಿ 1950ರ ಸುಮಾರಿಗೆ 5 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ಹಿಡಿತ 2012ರಲ್ಲಿ 39.4 ಲಕ್ಷ ಟನ್ನಿಗೆ ಮುಟ್ಟಿತು, ಸಾಂಕ್ರಾಮಿಕದ 2020ರಲ್ಲಿ 27.3 ಲಕ್ಷಕ್ಕೆ ಇಳಿಯಿತು, 2023ರಲ್ಲಿ 35.3 ಲಕ್ಷಕ್ಕೆ ಬಂದು 2024ರಲ್ಲಿ 34.7 ಲಕ್ಷಕ್ಕೆ ನಿಂತಿತು. ಹತ್ತು ಹನ್ನೆರಡು ವರ್ಷಗಳಿಂದ ಹೆಚ್ಚುಕಡಿಮೆ ಒಂದೇ ಮಟ್ಟ. ಇದು ನಮ್ಮ ಕಡಲಿಗೆ ಮಾತ್ರ ಸೀಮಿತವೂ ಅಲ್ಲ. ಜಗತ್ತಿನ ಸಮುದ್ರಗಳಿಂದ ಹಿಡಿಯುವ ಮೀನು 1980ರ ದಶಕದ ಕೊನೆಯಿಂದ ವರ್ಷಕ್ಕೆ ಸುಮಾರು 8 ಕೋಟಿ ಟನ್ನಿನ ಆಚೀಚೆಯೇ ಇದೆ, ಹೆಚ್ಚಳವೆಲ್ಲ ಸಾಕಣೆಯಿಂದ ಬರುತ್ತಿದೆ. ಕೊಚ್ಚಿಯ ಸಂಸ್ಥೆಯೇ 2022ರಲ್ಲಿ ಪರಿಶೀಲಿಸಿದ 135 ಮೀನು ದಾಸ್ತಾನುಗಳಲ್ಲಿ (ಕಡಲಲ್ಲಿ ಒಟ್ಟಾಗಿ ಬದುಕುವ ಒಂದೊಂದು ಜಾತಿಯ ಗುಂಪುಗಳಲ್ಲಿ) ಶೇ 91ರಷ್ಟು ಆರೋಗ್ಯವಾಗಿವೆ ಎಂದು ಹೇಳಿದ್ದನ್ನೂ ಇಲ್ಲಿ ದಾಖಲಿಸಬೇಕು, ಏಕೆಂದರೆ ಎಲ್ಲವೂ ಮುಗಿದೇಹೋಯಿತು ಎಂಬ ಗೋಳು ಸತ್ಯವಲ್ಲ. ಆದರೆ ಒಟ್ಟು ತೂಕ ನಿಂತಲ್ಲೇ ನಿಂತಿರುವಾಗ ಅದರೊಳಗಿನ ಮೀನು ಬದಲಾಗುತ್ತಿರುತ್ತದೆ. ನನಗೆ ಮುಖ್ಯವೆನ್ನಿಸುವುದು ಈ ಮಾತು, ಅಂಗಡಿಯನ್ನು ನಾನು ಮೆಚ್ಚುವುದೂ ಇದಕ್ಕಾಗಿಯೇ.

ನಮ್ಮ ಕರ್ನಾಟಕವನ್ನೇ ತೆಗೆದುಕೊಳ್ಳಿ. 2022ರಲ್ಲಿ ತಮಿಳುನಾಡಿನ ನಂತರ ಎರಡನೇ ಸ್ಥಾನದಲ್ಲಿ ನಿಂತು ಸುಮಾರು 7 ಲಕ್ಷ ಟನ್ ಮೀನು ಹಿಡಿದ ರಾಜ್ಯ ನಮ್ಮದು. ಮುನ್ನೂರು ಚಿಲ್ಲರೆ ಕಿಲೋಮೀಟರ್ ಕರಾವಳಿಗೆ ಇದು ಸಣ್ಣ ಮೊತ್ತವಲ್ಲ. ನನ್ನ ಅಜ್ಜ ರಂಪಣಿ ಬಲೆಯಲ್ಲಿ ಪಾಲು ಹೊಂದಿದ್ದವರು. ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಆ ಬಲೆ, 1970ರ ದಶಕದ ನಡುವಿನಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ನಂತರ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳು ಹತ್ತು ಹತ್ತು ದಿನ ಕಡಲಲ್ಲೇ ಉಳಿದು ಆಳಕ್ಕೆ ಹೋಗಲಾರಂಭಿಸಿದವು, ಅಜ್ಜನ ಕಾಲದಲ್ಲಿ ಯಾರೂ ಬೆಲೆ ಕೊಡದಿದ್ದ ಮದ್ಮಲ್, ಪಾಂಬೋಲ್, ಬೊಂಡಾಸ್ (ಸ್ಕ್ವಿಡ್) ದುಡ್ಡು ತರುವ ಮೀನುಗಳಾದವು. ತಿನ್ನಲಾಗದ ಸಣ್ಣ ಮೀನಿಗೂ ಗಿರಾಕಿ ಸಿಕ್ಕಿತು: ಮೀನಿನ ಹಿಟ್ಟು ಮತ್ತು ಎಣ್ಣೆ ತೆಗೆಯುವ ಕಾರ್ಖಾನೆಗಳು. ಮರಿಮೀನು ಟನ್‌ಗಟ್ಟಲೆ ಅಲ್ಲಿಗೆ ಹೋದರೂ ಉತ್ಪಾದನೆಯ ಅಂಕಿಯಲ್ಲಿ ಅದು ಮೀನೇ. ಒಂದು ಟನ್ ಅಂಜಲ್ (ಸುರಮಾಯಿ), ಒಂದು ಟನ್ ಅಂಜಲ್ ಮರಿ, ಎರಡೂ ಪಟ್ಟಿಯಲ್ಲಿ ಒಂದೊಂದು ಟನ್ನೇ. ಬೆಳಕು ಹಾಯಿಸಿ ಮೀನು ಸೆಳೆಯುವ ಪದ್ಧತಿಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿಯೇ ನಿಷೇಧಿಸಿದೆ. ಅದರ ಬಗೆಗಿನ ಜಗಳಗಳು ನಮ್ಮ ಬಂದರುಗಳಲ್ಲಿ ಇನ್ನೂ ತಣ್ಣಗಾಗಿಲ್ಲ.

ಈ ಅಂಗಡಿಯಲ್ಲಿ ಮೊಳದುದ್ದಕ್ಕಿಂತ ಗಿಡ್ಡನೆಯ ಅಂಜಲ್ ನಾನು ಕಂಡಿಲ್ಲ. ತಂದರೆ ಮಾರಾಟವಾಗುತ್ತದೆ, ಆದರೂ ತರುವುದಿಲ್ಲ ಎಂದು ಯಜಮಾನರು ಹೇಳುತ್ತಾರೆ. ಅಂಜಲ್ ಕಿಲೋಗೆ ಒಂದು ಸಾವಿರದ ಮೇಲೆಯೇ ಇರುತ್ತದೆ, ಬೇರೆಡೆಗಿಂತ ನೂರು ರೂಪಾಯಿ ಜಾಸ್ತಿ. ತುಂಡು ಮಾಡುವ ಕೈ ಬಹಳ ಪಳಗಿದ್ದು, ಅರ್ಧ ಇಂಚಿನ ದಪ್ಪದಲ್ಲಿ ಒಂದೇ ಅಳತೆಗೆ ಬರುತ್ತದೆ, ತಲೆ ಮತ್ತು ಬಾಲವನ್ನು ಕೇಳಿದವರಿಗೆ ಬೇರೆಯಾಗಿ ಕಟ್ಟಿಕೊಡುತ್ತಾರೆ. ನಾನು ಆ ನೂರು ರೂಪಾಯಿಯನ್ನು ಸಂತೋಷದಿಂದಲೇ ಕೊಡುತ್ತೇನೆ.

ಈಗ ಹಿಲ್ಸಾದ ವಿಷಯ. ಬಡಾವಣೆಯಲ್ಲಿರುವ ಬಂಗಾಳಿ ಕುಟುಂಬಗಳಿಗಾಗಿ ಶನಿವಾರ ಇದು ಬರುತ್ತದೆ. ಬಾಂಗ್ಲಾದೇಶದ ಪದ್ಮಾ ನದಿಯ ಹಿಲ್ಸಾ ಎಂಬ ಹೆಸರಿಗೇ ಬೆಲೆಯಿರುವ ಈ ವ್ಯಾಪಾರದಲ್ಲಿ, ಹಲಗೆಯ ಮೇಲೆ ‘ಮ್ಯಾನ್ಮಾರ್, ಹೆಪ್ಪುಗಟ್ಟಿದ್ದು’ ಎಂದು ಬರೆಯುವುದಕ್ಕೆ ಧೈರ್ಯ ಬೇಕು. ಬಾಂಗ್ಲಾದೇಶವು 2012ರಿಂದ ಹಿಲ್ಸಾ ರಫ್ತನ್ನು ನಿಲ್ಲಿಸಿದೆ, 2019ರಿಂದೀಚೆಗೆ ದುರ್ಗಾಪೂಜೆಯ ಹೊತ್ತಿಗೆ ವಿಶೇಷ ಅನುಮತಿಯ ಮೇಲೆ ಸ್ವಲ್ಪ ಬಿಡುತ್ತದೆ. 2025ರಲ್ಲಿ ಅನುಮತಿ ಸಿಕ್ಕಿದ್ದು 1,200 ಟನ್ನಿಗೆ. ಆದ್ದರಿಂದ ವರ್ಷವಿಡೀ ನಗರದಲ್ಲಿ ಸಿಗುವ ಹಿಲ್ಸಾವೆಲ್ಲ ಪದ್ಮೆಯದಾಗಿರಲು ಸಾಧ್ಯವೇ ಇಲ್ಲ.

ಬಾಂಗ್ಲಾದೇಶದ ಈ ಮೀನಿನ ಇತಿಹಾಸವನ್ನು ನಾನು ಮಲ್ಪೆಯ ನೆಂಟರಿಗೆ ಹಲವು ಸಲ ಹೇಳಿದ್ದೇನೆ. 2002-03ರಲ್ಲಿ ಅಲ್ಲಿ ಹಿಲ್ಸಾ ಹಿಡಿತ 2 ಲಕ್ಷ ಟನ್ನಿಗೆ ಇಳಿದಿತ್ತು. ಆಮೇಲೆ ‘ಜಾಟ್ಕಾ’ ಎನ್ನುವ ಮರಿ ಹಿಲ್ಸಾವನ್ನು ನವೆಂಬರಿನಿಂದ ಜೂನ್‌ವರೆಗೆ ಹಿಡಿಯಬಾರದೆಂದರು, ಮೊಟ್ಟೆಯಿಡುವ ಅಕ್ಟೋಬರಿನ ಹುಣ್ಣಿಮೆಯ ಸುತ್ತ 22 ದಿನ ನದಿ, ಕಡಲು ಎರಡನ್ನೂ ಮುಚ್ಚಿದರು, ಮರಿಗಳು ಬೆಳೆಯುವ ನದೀಭಾಗಗಳನ್ನು ಆಶ್ರಯತಾಣವೆಂದು ಘೋಷಿಸಿದರು. ಬರೀ ನಿಷೇಧವಾಗಿದ್ದರೆ ಜನ ಪಾಲಿಸುತ್ತಿರಲಿಲ್ಲ. ಜಾಟ್ಕಾ ನಿಷೇಧದ ಅವಧಿಯಲ್ಲಿ ನಾಲ್ಕು ತಿಂಗಳು ಮೀನುಗಾರರ ಮನೆಗಳಿಗೆ ತಿಂಗಳಿಗೆ 40 ಕಿಲೋ ಅಕ್ಕಿ ಕೊಟ್ಟರು. 2022-23ರ ಹೊತ್ತಿಗೆ ಹಿಡಿತ 5.71 ಲಕ್ಷ ಟನ್ ತಲುಪಿತ್ತು. ಮರುವರ್ಷ 5.29 ಲಕ್ಷಕ್ಕೆ ಇಳಿದಿರುವುದು ಕಳವಳದ ಸಂಗತಿಯೇ ಆದರೂ, ಒಂದು ಜಾತಿಯನ್ನು ಅಂಚಿನಿಂದ ಹಿಂದಕ್ಕೆ ತರಬಹುದು ಎಂಬುದಕ್ಕೆ ನಮ್ಮ ನೆರೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಕಡಲಿನ ನಿಷೇಧದಲ್ಲಿ ಮಾತ್ರ ಬಹುಕಾಲ ಒಂದು ಅನ್ಯಾಯ ಉಳಿದುಕೊಂಡಿತ್ತು. ಅವರ ಬೋಟುಗಳು ಮೇ 20ರಿಂದ ಜುಲೈ 23ರವರೆಗೆ ಕಟ್ಟಿಕೊಂಡಿದ್ದರೆ, ಭಾರತದ ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತಿತ್ತು. ತಾವು ಕಾದು ಬೆಳೆಸಿದ ಮೀನನ್ನು ನೆರೆಯವರು ಹಿಡಿಯುತ್ತಾರೆ ಎಂದು ಅಲ್ಲಿನವರು ದೂರುತ್ತಿದ್ದರು. 2025ರಿಂದ ಅವರು ತಮ್ಮ ನಿಷೇಧವನ್ನು ಏಪ್ರಿಲ್ 15ರಿಂದ ಜೂನ್ 11ಕ್ಕೆ ಸರಿಸಿ ನಮ್ಮದಕ್ಕೆ ಹೊಂದಿಸಿಕೊಂಡಿದ್ದಾರೆ.

ಮ್ಯಾನ್ಮಾರಿನ ಕಥೆ ಇದಕ್ಕೆ ತದ್ವಿರುದ್ಧ. ವರ್ಷವರ್ಷವೂ ಅಲ್ಲಿನ ಸರ್ಕಾರಿ ಅಂಕಿ ಏರುತ್ತಲೇ ಇತ್ತು, ಎಷ್ಟರಮಟ್ಟಿಗೆಂದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2006ರಿಂದ 2015ರವರೆಗಿನ ಅಂಕಿಗಳನ್ನು ಪುನಃ ಲೆಕ್ಕಹಾಕಿ ಬಹಳಷ್ಟು ಕೆಳಗಿಳಿಸಬೇಕಾಯಿತು. ನಾರ್ವೆಯ ಸಂಶೋಧನಾ ಹಡಗು ‘ಡಾ. ಫ್ರಿಜೋಫ್ ನಾನ್ಸೆನ್’ 1979-80ರಲ್ಲಿ ಆ ಕಡಲನ್ನು ಅಳೆದಿತ್ತು, 2013ರಲ್ಲಿ ಅದೇ ಹೆಸರಿನ ಹಡಗು ಮತ್ತೆ ಅಳೆದಾಗ ಮೇಲುನೀರಿನ ಮೀನಿನ ದಾಸ್ತಾನು ಹಿಂದಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಉಳಿದಿತ್ತು. ಕಾಗದದ ಮೇಲೆ ಕಡಲು ತುಂಬುತ್ತಿದ್ದಾಗ ನೀರಿನಲ್ಲಿ ಅದು ಬರಿದಾಗುತ್ತಿತ್ತು. ಶನಿವಾರದ ಆ ಪೆಟ್ಟಿಗೆಯ ಮೇಲೆ ಮ್ಯಾನ್ಮಾರ್ ಎಂದು ಓದಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಹಾಗಾಗಿ ನಾನು ಅದನ್ನು ಕೊಳ್ಳುವುದಿಲ್ಲ. ಕೊಳ್ಳುವವರನ್ನು ದೂರುವುದೂ ಇಲ್ಲ; ಸಾಸಿವೆಯಲ್ಲಿ ಬೇಯಿಸಿದ ಹಿಲ್ಸಾ ಇಲ್ಲದೆ ಹಬ್ಬವಿಲ್ಲ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ.

ಹಲಗೆಯ ಮೂರನೇ ಗೆರೆಯ ದೊಡ್ಡ ಕೊರತೆ ಬಯಲಾಗುವುದು ರಾಮೇಶ್ವರಂ ಏಡಿಯಲ್ಲಿ. ಏಡಿ ತುಂಬ ಚೆನ್ನಾಗಿರುತ್ತದೆ: ಭಾರವಾದ ನೀಲಿ ಏಡಿ, ಕಾಲು ಮುರಿಯದ್ದು, ಒಳಗೆ ಮಾಂಸ ತುಂಬಿದ್ದು. ಆದರೆ ಇಳಿದ ಊರೆಂದರೆ ಹಿಡಿದ ಜಾಗವಲ್ಲ. ತಮಿಳುನಾಡಿಗೂ ಶ್ರೀಲಂಕಾಕ್ಕೂ ನಡುವಿನ ಪಾಕ್ ಕೊಲ್ಲಿಯಲ್ಲಿ 1974ರ ಒಪ್ಪಂದದಿಂದ ಎಳೆದ ಗಡಿಯನ್ನು ದಾಟಿ ನಮ್ಮ ಟ್ರಾಲ್ ಬೋಟುಗಳು ಹೋಗುವುದು, ಶ್ರೀಲಂಕಾದ ನೌಕಾಪಡೆ ಅವರನ್ನು ಹಿಡಿಯುವುದು ವರ್ಷಕ್ಕೆ ಹಲವು ಸಲ ನಡೆಯುತ್ತದೆ. ಆಚೆ ದಡದವರ ಲೆಕ್ಕವನ್ನೂ ನೋಡಬೇಕು. 2004ರ ಡಿಸೆಂಬರಿನ ಸುನಾಮಿಯ ನಂತರ ಶ್ರೀಲಂಕಾದ ಕಡಲ ಮೀನಿನ ಉತ್ಪಾದನೆ ಸುಮಾರು 2.5 ಲಕ್ಷ ಟನ್ನಿನಿಂದ 1.3 ಲಕ್ಷಕ್ಕೆ, ಅಂದರೆ ಅರ್ಧಕ್ಕೆ ಕುಸಿಯಿತು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದು ಉತ್ತರದ ಕಡಲು ಅಲ್ಲಿನ ಮೀನುಗಾರರಿಗೆ ಮತ್ತೆ ತೆರೆದಾಗ ಹಿಡಿತ ಏರತೊಡಗಿ 2014ರಲ್ಲಿ 4.6 ಲಕ್ಷ ಟನ್ನಿನ ಹತ್ತಿರಕ್ಕೆ ಬಂತು. 2015ರ ಜನವರಿಯಿಂದ 2016ರ ಜೂನ್‌ವರೆಗೆ ಯುರೋಪಿನ ಒಕ್ಕೂಟ ಅವರ ಮೀನನ್ನು ನಿರಾಕರಿಸಿತ್ತು, ದೂರದ ಕಡಲಿನ ಮೀನುಗಾರಿಕೆಯ ಮೇಲೆ ಸಾಕಷ್ಟು ನಿಗಾ ಇಲ್ಲವೆಂಬ ಕಾರಣಕ್ಕೆ. ತಳ ಗುಡಿಸುವ ಟ್ರಾಲ್ ಬಲೆಯನ್ನು ಅವರು 2017ರಲ್ಲಿ ಕಾನೂನಿನಿಂದಲೇ ನಿಷೇಧಿಸಿದರು. ಯುದ್ಧದ ಇಪ್ಪತ್ತಾರು ವರ್ಷಗಳಲ್ಲಿ ಬಹುಪಾಲು ಬಲೆ ಮುಟ್ಟಲಾಗದೆ ಕುಳಿತಿದ್ದ ಜಾಫ್ನಾದ ತಮಿಳು ಮೀನುಗಾರನ ಬಲೆಯನ್ನು ನಮ್ಮ ಟ್ರಾಲ್ ಬೋಟು ಹರಿದುಕೊಂಡು ಹೋದರೆ, ಆ ಮೀನು ರಾಮೇಶ್ವರದಲ್ಲಿ ಇಳಿದು ಭಾರತದ ಉತ್ಪಾದನೆ ಎಂದು ದಾಖಲಾಗುತ್ತದೆ. ಏಡಿ ಬಲೆಯದ್ದೋ ಟ್ರಾಲಿನದ್ದೋ ಎಂದು ಯಜಮಾನರನ್ನು ಎರಡು ಮೂರು ಸಲ ಕೇಳಿದ್ದೇನೆ. ಕಾಲು ಮುರಿಯದೆ ಬಂದಿರುವುದರಿಂದ ಸಣ್ಣ ದೋಣಿಯ ಬಲೆಯದ್ದೇ ಇರಬೇಕು ಎನ್ನುತ್ತಾರೆ. ಇರಬೇಕು ಎಂಬ ಉತ್ತರ ನನಗೆ ಸಾಲದು.

ಬಲೆಯ ಬಗ್ಗೆ ಯಾವ ಅನುಮಾನಕ್ಕೂ ಆಸ್ಪದವಿಲ್ಲದ ಒಂದೇ ಸರಕು ಅಲ್ಲಿನ ಗಾಜಿನ ಭರಣಿಯಲ್ಲಿದೆ: ಲಕ್ಷದ್ವೀಪದ ಮಾಸ್ಮಿನ್. ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಮರದ ತುಂಡಿನಂತಾಗುವವರೆಗೆ ಬಿಸಿಲಿಗೆ ಒಣಗಿಸಿದ್ದು. ತುರಿದು ತೆಂಗಿನಕಾಯಿ ಚಟ್ನಿಗೆ ಹಾಕಿದರೆ ಒಂದು ಚಮಚದಲ್ಲಿ ಇಡೀ ಊಟ ಕಳೆಗಟ್ಟುತ್ತದೆ. ಮಾಲ್ಡೀವ್ಸಿನವರೂ ಇದನ್ನೇ ಮಾಡುತ್ತಾರೆ, ಹಿಡಿಯುವ ವಿಧಾನವೂ ಒಂದೇ: ಜೀವಂತ ಸಣ್ಣ ಮೀನನ್ನು ನೀರಿಗೆ ಚೆಲ್ಲಿ, ಗಳದ ತುದಿಯ ಗಾಳದಿಂದ ಒಂದೊಂದೇ ಮೀನನ್ನು ದೋಣಿಗೆ ಎಸೆಯುವುದು. ಈ ವಿಧಾನದ ಮಾಲ್ಡೀವ್ಸ್ ಟ್ಯೂನಾಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆಯ ಪ್ರಮಾಣಪತ್ರ ದೊರೆಯಿತು. ಆದರೆ ಒಳ್ಳೆಯ ವಿಧಾನವೊಂದೇ ಕಾಪಾಡಲಾರದು ಎಂಬುದಕ್ಕೂ ಆ ದೇಶವೇ ಸಾಕ್ಷಿ. 2005-06ರಲ್ಲಿ 1.8 ಲಕ್ಷ ಟನ್ ಮೀರಿದ್ದ ಅವರ ಹಿಡಿತ 2009ರ ಹೊತ್ತಿಗೆ 1.2 ಲಕ್ಷಕ್ಕಿಂತ ಕೆಳಗಿಳಿಯಿತು. ಟ್ಯೂನಾ ಯಾರ ಗಡಿಯಲ್ಲೂ ನಿಲ್ಲುವ ಮೀನಲ್ಲ; ಇಡೀ ಹಿಂದೂ ಮಹಾಸಾಗರದಲ್ಲಿ ದೊಡ್ಡ ದೊಡ್ಡ ಹಡಗುಗಳು ಹಿಡಿದಷ್ಟೂ ಗಾಳದವನ ಪಾಲು ಕಡಿಮೆಯಾಗುತ್ತದೆ.

ಪಾಕಿಸ್ತಾನದ ಮೀನು ನಮ್ಮಲ್ಲಿಗೆ ಬರುವುದಿಲ್ಲ, ಹಾಗಾಗಿ ಅದಕ್ಕೆ ಹಲಗೆಯಲ್ಲಿ ಜಾಗವಿಲ್ಲ. ಆದರೆ ವೆರಾವಳದ ಮಾಂಜಿ ಅವರೂ ನಾವೂ ಹಂಚಿಕೊಳ್ಳುವ ಕಡಲಿನದ್ದು, ಗಡಿ ದಾಟಿದ ತಪ್ಪಿಗೆ ಎರಡೂ ಕಡೆಯ ಬಡ ಮೀನುಗಾರರು ಎರಡೂ ಕಡೆಯ ಜೈಲುಗಳಲ್ಲಿದ್ದಾರೆ. ಮಾಂಜಿ ಕೊಳ್ಳುವುದಾದರೆ ಅಂಗೈಗಿಂತ ದೊಡ್ಡದನ್ನೇ ಕೇಳಿ, ಬೆಳ್ಳಿಯ ಹೊಳಪು ಇನ್ನೂ ಇದ್ದರೆ ಮಾತ್ರ.

ಕೊರತೆಗಳನ್ನು ಸ್ಪಷ್ಟವಾಗಿ ಹೇಳಬೇಕು. ಹಿಡಿದ ದಿನ ಹಲಗೆಯಲ್ಲಿಲ್ಲ, ಬಲೆಯ ಬಗೆ ಇಲ್ಲ. ಬೊಂಡಾಸ್ ಎರಡು ಸಲ ನನಗೆ ಹಳೆಯದು ಸಿಕ್ಕಿದೆ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಎರಡನೇ ಸಲ ಹಿಂದಕ್ಕೆ ಒಯ್ದಾಗ ಮರುಮಾತಿಲ್ಲದೆ ಹಣ ಹಿಂತಿರುಗಿಸಿದರು. ಭಾನುವಾರ ಬೆಳಿಗ್ಗೆ ಎಂಟರ ನಂತರ ಹೋದರೆ ಮುಕ್ಕಾಲು ಗಂಟೆ ಕಾಯಬೇಕು, ಆ ಗಡಿಬಿಡಿಯಲ್ಲಿ ಬಂಗುಡೆಯ ಕಿವಿರನ್ನು ಅರ್ಧಂಬರ್ಧ ತೆಗೆದುಕೊಡುತ್ತಾರೆ. ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೋಗುವುದು ಮೇಲು, ಮಂಗಳೂರಿನ ರಾತ್ರಿಯ ಲಾರಿ ಆಗತಾನೇ ಇಳಿಸಿರುತ್ತದೆ.

ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ಬೋಟುಗಳಿಗೆ 61 ದಿನಗಳ ನಿಷೇಧ. ಆ ಎರಡು ತಿಂಗಳು ಅಂಗಡಿಯ ಕಲ್ಲುಹಾಸು ಅರ್ಧ ಖಾಲಿಯಿರುತ್ತದೆ. ಎಲ್ಲಿಂದಲಾದರೂ ತರಿಸಿ ತುಂಬಿಸಿಕೊಳ್ಳಬಹುದಾಗಿದ್ದರೂ ಯಜಮಾನರು ಹಾಗೆ ಮಾಡುವುದಿಲ್ಲ. ನಾಡದೋಣಿಯವರು ಹಿಡಿದ ಸ್ವಲ್ಪ ಮೀನು, ಪೂರ್ವ ಕರಾವಳಿಯದ್ದೊಂದಿಷ್ಟು, ಉಳಿದಂತೆ ಒಣಮೀನು. ಕಳೆದ ಜುಲೈಯಲ್ಲಿ ಒಬ್ಬ ಗಿರಾಕಿ ಅಂಜಲ್ ಇಲ್ಲವೇ ಎಂದು ಸಿಟ್ಟಾಗಿ ಕೇಳಿದಾಗ ಅವರು ಹಲಗೆಯತ್ತ ಕೈ ತೋರಿಸಿದರು. ಅಂಜಲ್ ಎಂಬ ಹೆಸರಿನ ಮುಂದೆ ದರವಿರಲಿಲ್ಲ, ಊರಿರಲಿಲ್ಲ, ‘ಆಗಸ್ಟ್’ ಎಂದು ಬರೆದಿತ್ತು.